ಇಪ್ಪತ್ತಕ್ಕೆ ಹನ್ನೊಂದು

ಮಂಗಳವಾರ ಸಂಜೆ, ಕಿಸುಮು ಬಸ್ ನಿಲ್ದಾಣದ ಹಿಂದೆ
ಟೈಪಿಂಗ್ ಶಾಲೆಯ ಮೇಲಿನ ತಗಡಿನ ಕೋಣೆಯಲ್ಲಿ
ಒಂಬತ್ತು ಜನಕ್ಕೆ ಪಾಠ ಹೇಳುತ್ತೇನೆ:
ಮುಖ ಕಾಣದವರಿಗೆ ಮೊದಲ ಕಾಗದ ಬರೆಯುವುದು ಹೇಗೆ,
ನಮ್ಮಲ್ಲಿ ಇಂಥದ್ದುಂಟು, ಕೊಳ್ಳುವಿರಾ ಎಂದು.

ಎಲ್ಲರದ್ದೂ ಒಂದೇ ಶುರು.
'ಮಾನ್ಯರೇ, ನಮ್ಮ ಸಂಸ್ಥೆಯು ಇಂತಿಷ್ಟನೇ ಇಸವಿಯಲ್ಲಿ ಸ್ಥಾಪನೆಗೊಂಡು...'
ಕೆಂಪು ಗೆರೆ ಎಳೆಯುತ್ತೇನೆ.
ನಿನ್ನ ಅಂಗಡಿ ಹುಟ್ಟಿದ ದಿನ ಕಟ್ಟಿಕೊಂಡು ಅವರಿಗೇನು, ಶಿಕುಕು?
ಸಂಜೆಯ ಹೊತ್ತಿಗೆ ಹೆತ್ತ ಮಕ್ಕಳ ಹೆಸರೇ
ಅದಲುಬದಲಾಗಿ ಬರುತ್ತದೆ ಅವರ ಬಾಯಿಗೆ.
'ನಾವು' ಎಷ್ಟು ಸಲ ಬಂದಿದೆ, ಎಣಿಸು.
ಹದಿನಾಲ್ಕು, ಅಂದ.
'ನೀವು'?
ಸೂರು ನೋಡಿದ.

ಕಾಗದ ಒಡೆಯುವ ಕೈ ಯಾವುದು, ಮೊದಲು ಅದನ್ನು ನೋಡಿ.
ಹಿಟ್ಟು ಮೆತ್ತಿದೆಯೋ, ಗ್ರೀಸೋ,
ಇನ್ನೊಂದು ಕೈ ಚಿಲ್ಲರೆ ಎಣಿಸುತ್ತಿದೆಯೋ.
ಆ ಕೈಗೆ ಬಿಡುವೆಷ್ಟು?
ಬಾಣಲೆಯ ಮಂದಾಜಿ ಒಂದು ಮಗ್ಗುಲು ಕೆಂಪಾಗುವಷ್ಟು.
ಅಷ್ಟರಲ್ಲಿ ಹೇಳಿ ಮುಗಿಸಿ.
ಎಲ್ಲರೂ ಬರೆದುಕೊಂಡರು, ಮಂದಾಜಿ ಎಂದೂ.

(ಹನ್ನೊಂದು ವರ್ಷ ನಾನೂ ನೈರೋಬಿಯ ಸೋಪಿನ ಕಂಪನಿಗೆ
ಇಂಥವನ್ನೇ ಬರೆದವಳು.
ನೂರು ಕಳಿಸಿದರೆ ಮೂರು ಉತ್ತರ,
ಅದರಲ್ಲೆರಡು, ಇನ್ನು ಬರೆಯಬೇಡಿ ಎಂದು.
ಇದನ್ನು ತರಗತಿಯಲ್ಲಿ ಹೇಳುವುದಿಲ್ಲ.
ಪಾಪ, ಫೀಸು ಕಟ್ಟಿದ್ದಾರೆ.)

ಹಿಂದಿನ ಬೆಂಚಿನ ಒಮೊಲೊ ಮಾತಾಡುವವನಲ್ಲ.
ಚಿಕ್ಕಮ್ಮನ ಮಂಜುಗಡ್ಡೆ ಯಂತ್ರ, ಇವನ ಸೈಕಲ್ಲು,
ಮರದ ಹೊಟ್ಟು ತುಂಬಿದ ಎರಡು ಗೋಣಿಚೀಲ,
ಇಷ್ಟೇ ಅವನ ಸಂಸ್ಥೆ.
ಅವನು ಕೊಟ್ಟ ಕಾಗದ:

'ಅಪೊಂಡಿ ಅಮ್ಮಾ,
ಬಿಸಿಲೇರಿದ ಮೇಲೆ ನೀವು ಮೀನನ್ನು ಅರ್ಧ ಬೆಲೆಗೆ ಕೂಗುವುದು
ನನಗೆ ರಸ್ತೆಯವರೆಗೆ ಕೇಳಿಸುತ್ತದೆ.
ನನ್ನ ಹತ್ತಿರ ಮಂಜುಗಡ್ಡೆ ಇದೆ.
ಶನಿವಾರ ಒಂದು ಇಟ್ಟುಹೋಗುತ್ತೇನೆ, ದುಡ್ಡು ಬೇಡ.
ಸಂಜೆಯೂ ಅರ್ಧ ಬೆಲೆ ಕೂಗಿದಿರೋ,
ಮತ್ತೆ ಬರುವುದಿಲ್ಲ.'

ತಾರೀಖಿಲ್ಲ, ಎರಡು ಅಂಕ ಹೋಯಿತು.
ವಿಳಾಸವಿಲ್ಲ, ವಿಷಯವೆಂದು ಬರೆದು ಅಡಿಗೆರೆ ಎಳೆದಿಲ್ಲ,
ತಮ್ಮ ವಿಶ್ವಾಸಿ ಇಲ್ಲ, ಬೆಲೆಪಟ್ಟಿ ಲಗತ್ತಿಸಿಲ್ಲ.
ಇಪ್ಪತ್ತಕ್ಕೆ ಹನ್ನೊಂದು.
ಅಂಚಿನಲ್ಲಿ ಬರೆದೆ: ತುಂಬಾ ಚಿಕ್ಕದಾಯಿತು.
ಅವನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡ.

ಶನಿವಾರ ಡುಂಗಾ ದಡಕ್ಕೆ ಮೀನಿಗೆಂದು ಹೋದೆ.
ಮೀನಿಗೆಂದೇ, ಹಾಗಂತ ಹೇಳಿಕೊಂಡೆ.
ದೋಣಿಗಳ ಹಿಂದೆ, ಕೊಳೆತ ನೀರುಹೂವಿನ ವಾಸನೆಯಲ್ಲಿ,
ಒಮೊಲೊ ನಿಂತು ಜೋರಾಗಿ ಓದುತ್ತಿದ್ದ.
ಅವಳು ತಲೆ ಎತ್ತದೆ ಮೀನಿನ ಹೊಟ್ಟೆ ಸೀಳುತ್ತಿದ್ದಳು,
ಮೊಣಕೈವರೆಗೂ ಒದ್ದೆ.
ಅವಳಿಗೆ ಅಕ್ಷರ ಬಾರದು.
ಕೈ ನೋಡಿ ಎಂದವಳು ನಾನು,
ಕಣ್ಣು ಕೇಳಿರಲಿಲ್ಲ.
ಅವನಿಗೆ ಮೊದಲೇ ಗೊತ್ತಿತ್ತು.
ಅದಕ್ಕೇ ಅದು ಒಂದೇ ಉಸಿರಿನಷ್ಟು ಉದ್ದ.

'ಆ ಕೆಂಪು ಏನದು?' ಕೇಳಿದಳು, ಚಾಕು ಒರೆಸುತ್ತಾ.
'ಮೇಡಂ ಹಾಕಿದ್ದು. ಹನ್ನೊಂದು.'
'ಎಷ್ಟಕ್ಕೆ?'
'ಇಪ್ಪತ್ತಕ್ಕೆ.'
'ಓಹೋ, ಅವಳೂ ಅರ್ಧ ಬೆಲೆಗೇ ಕೂಗುತ್ತಾಳೆ ಹಾಗಾದರೆ,'
ಎಂದು ಪಕ್ಕದವಳ ಕಡೆ ತಿರುಗಿ ನಕ್ಕಳು.
ದಡವೆಲ್ಲ ನಕ್ಕಿತು. ಒಮೊಲೊ ನಗಲಿಲ್ಲ,
ಚೀಲ ಬಿಚ್ಚಿ, ಹೊಟ್ಟು ಕೊಡವಿ,
ಗಡ್ಡೆಯನ್ನು ಅವಳ ನೀಲಿ ಬೋಗುಣಿಯಲ್ಲಿಟ್ಟ.
ಅವಳು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ.

ಬೇರೆ ಬುಟ್ಟಿಯಿಂದ ಒಂದು ಮೀನು ಕೊಂಡೆ,
ಚೌಕಾಸಿ ಮಾಡಲು ಬಾಯಿ ಬರಲಿಲ್ಲ.
ಸಂಜೆ ಅವಳು ಏನೆಂದು ಕೂಗಿದಳೋ
ಕೇಳಿಸಿಕೊಳ್ಳಲು ನಿಲ್ಲಲಿಲ್ಲ.

ಮಂಗಳವಾರ ಅವನ ಜಾಗ ಖಾಲಿ.
ಇನ್ನೆರಡು ಕಂತು ಬಾಕಿ ಎಂದು ಗುಮಾಸ್ತ ನೆನಪಿಸಿದ.
ಬೋರ್ಡಿನ ಮೇಲೆ 'ಯಾವ ಕೈ?' ಎಂದು ಬರೆದು
ಕೆಳಗೆ ಇನ್ನೇನೋ ಬರೆಯಹೋಗಿ ಸೀಮೆಸುಣ್ಣ ಮುರಿಯಿತು.
ಶಿಕುಕು ಎದ್ದು ಬಂದು ಕಾಗದ ಚಾಚಿದ.
ಈ ಸಲ 'ನಾವು' ಒಂಬತ್ತಕ್ಕೆ ಇಳಿದಿತ್ತು.